ಲೆಕ್ಕಕ್ಕಿಲ್ಲದ ಬ್ಯಾಗು

ಬೆಂಗಳೂರಿಗೆ ಹೊರಟಾಗ ಸಿಯಾಟಲ್ ಏರ್‌ಪೋರ್ಟಿನ ಕೌಂಟರ್ ಮುಂದೆ ನಮ್ಮ ಜನ ಮಾಡುವ ಸರ್ಕಸ್ಸು ಎಲ್ಲರಿಗೂ ಗೊತ್ತು. ಸೂಟ್‌ಕೇಸ್ ಮೂರು ಕೆಜಿ ಜಾಸ್ತಿಯಾದರೆ ಆ ಮೂರು ಕೆಜಿ ಜಾಕೆಟ್ಟಿನ ಜೇಬಿಗೆ ಇಳಿಯುತ್ತದೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಬಿಟ್ಟು ಉಳಿದೆಲ್ಲ ಇರುತ್ತದೆ. ನನ್ನ ಗಂಡ ಈ ವಿದ್ಯೆಯಲ್ಲಿ ಪಂಡಿತರು. "ಹ್ಯಾಂಡ್ ಬ್ಯಾಗ್ ಲೆಕ್ಕಕ್ಕಿಲ್ಲ ಕಣೇ" ಎನ್ನುತ್ತಾರೆ. ಹದಿನೆಂಟು ವರ್ಷ ನಾನೂ ನಗುತ್ತಾ ಅವರಿಗೆ ಜೊತೆ ಕೊಟ್ಟಿದ್ದೇನೆ. ಆ ವಿದ್ಯೆಯೇ ಒಮ್ಮೆ ನಮ್ಮ ಜೀವ ತೆಗೆಯುವುದರಲ್ಲಿತ್ತು.

ನಾನು ಸಿಯಾಟಲ್ ಪಕ್ಕದ ರೆಂಟನ್ನಿನಲ್ಲಿ ಸಣ್ಣ ವಿಮಾನ ಹಾರಿಸಲು ಕಲಿತದ್ದು ನಲವತ್ತು ದಾಟಿದ ಮೇಲೆ. ಲೈಸೆನ್ಸ್ ಬಂದದ್ದೇ ತಡ, ಬೆಟ್ಟಗಳ ನಡುವಿನ ಹುಲ್ಲಿನ ರನ್‌ವೇಗಳಿಗೆ ಇಳಿಯುವ ಹುಚ್ಚು ಹತ್ತಿತು. ಅದನ್ನು ಕಲಿಸಲು ಒಪ್ಪಿದವರು ಅರವತ್ತೆಂಟು ವರ್ಷದ ಒಬ್ಬ ಹೆಂಗಸು. ಮನೆಯಲ್ಲಿ ನಾವು ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು. ಮಾತು ಕಡಿಮೆ. ಹೇಳಿದ್ದನ್ನೇ ಹೇಳುತ್ತಿದ್ದರು: ಎತ್ತರದಲ್ಲಿ ಗಾಳಿ ತೆಳು, ಬಿಸಿಲೇರಿದರೆ ಇನ್ನೂ ತೆಳು, ಆ ಗಾಳಿಯಲ್ಲಿ ಎಂಜಿನ್ನಿಗೂ ಶಕ್ತಿ ಇರುವುದಿಲ್ಲ, ರೆಕ್ಕೆಗೂ ಇರುವುದಿಲ್ಲ. ಆದ್ದರಿಂದ ಹೊರಡುವ ಮುಂಚೆ ಪ್ರತಿಯೊಂದನ್ನೂ ತೂಗಿ ಬರೆಯಬೇಕು. ಬರೆಯುವ ಕೆಲಸ ನನ್ನದು.

ಆ ಆಗಸ್ಟಿನಲ್ಲಿ ಬೆಟ್ಟಗಳಾಚೆ ಐದು ಸಾವಿರ ಅಡಿ ಎತ್ತರದ ಒಂದು ರನ್‌ವೇಗೆ ಹೋಗುವುದೆಂದಾಯಿತು. ಹಿಂದಿನ ಸೀಟಿನಲ್ಲಿ ನನ್ನ ಗಂಡನೂ ಬರಬಹುದು ಎಂದರು ಮೇಡಂ. ಮೈಸೂರಿನಿಂದ ಬಂದಿದ್ದ ಅಮ್ಮ ನಾಲ್ಕು ಗಂಟೆಗೇ ಎದ್ದು ಪುಳಿಯೋಗರೆ, ಚಪಾತಿ, ಮೊಸರನ್ನ ಮಾಡಿ ದೊಡ್ಡ ಸ್ಟೀಲ್ ಕ್ಯಾರಿಯರ್ ತುಂಬಿಸಿದ್ದರು. ನಾನು ಬಚ್ಚಲುಮನೆಯ ತಕ್ಕಡಿ ತಂದು ಅದನ್ನು ತೂಗಲು ಹೋದರೆ ತಡೆದರು.

"ಊಟಾನ ಯಾರಾದ್ರೂ ತೂಗ್ತಾರೇನೇ? ಅಲ್ಲಿ ಬೇರೆಯೋರೂ ಬಂದಿರ್ತಾರೆ, ಬರಿಗೈಲಿ ಹೋಗ್ತೀಯಾ?"

"ಲ್ಯಾಪ್‌ಟಾಪ್ ಬ್ಯಾಗಲ್ಲಿ ಹಾಕ್ಕೋತೀನಿ ಬಿಡಿ" ಎಂದು ನನ್ನ ಗಂಡ ಕಣ್ಣು ಮಿಟುಕಿಸಿದರು. ಅಮ್ಮನ ಕಾಟಕ್ಕೆ ಒಂದು ಕ್ಯಾನ್ ನೀರೂ ಸೀಟಿನ ಕೆಳಗೆ ಸೇರಿತು. ಗಂಡನ ಜಾಕೆಟ್ಟಿನ ಜೇಬುಗಳಲ್ಲಿ ಕ್ಯಾಮೆರಾ ಲೆನ್ಸುಗಳಿದ್ದವು. ನಾನು ಎಲ್ಲವನ್ನೂ ನೋಡಿದೆ. ಕಾಗದದಲ್ಲಿ ಬ್ಯಾಗು ಎರಡು ಕೆಜಿ ಎಂದು ಬರೆದೆ. ನನ್ನ ತೂಕವನ್ನೂ ಹೋದ ವರ್ಷದ್ದನ್ನೇ ಹಾಕಿದೆ. ಇದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಬೆಳಗಿನ ತಂಪಿನಲ್ಲಿ ಇಳಿದದ್ದು ಸಲೀಸಾಗಿತ್ತು. ಅಲ್ಲಿ ಬೇರೆ ಯಾರೂ ಬಂದಿರಲಿಲ್ಲ. ಹತ್ತು ಗಂಟೆಯೊಳಗೆ ಹೊರಡಬೇಕಿತ್ತು, ಆದರೆ ನನ್ನ ಗಂಡನ ಫೋಟೋ ಮುಗಿಯುವಷ್ಟರಲ್ಲಿ ಹನ್ನೊಂದೂವರೆ. ಮೇಡಂ ನನ್ನ ಕಾಗದ ತೆಗೆದುಕೊಂಡು ಬಿಸಿಲಿನ ಲೆಕ್ಕ ಮತ್ತೆ ಹಾಕಿ, "ರನ್‌ವೇ ಉದ್ದ ಸಾಲುತ್ತದೆ, ಆದರೆ ಅಷ್ಟಕ್ಕಷ್ಟೇ" ಎಂದರು. ರನ್‌ವೇಯ ಕೊನೆಯಲ್ಲಿ ಪೈನ್ ಮರಗಳ ಗೋಡೆ. ಅರ್ಧ ದಾರಿಯಲ್ಲಿ, ಅಂಚಿಗೆ, ಸುಣ್ಣ ಬಳಿದ ಒಂದು ಕಲ್ಲು. ಆ ಕಲ್ಲು ಬರುವಷ್ಟರಲ್ಲಿ ವೇಗದ ಸೂಜಿ ನಲವತ್ತೆರಡು ಮುಟ್ಟಿರಬೇಕು. ಮುಟ್ಟದಿದ್ದರೆ ಯೋಚನೆ ಮಾಡದೆ ನಿಲ್ಲಿಸಬೇಕು.

ಎಂಜಿನ್ ಪೂರ್ತಿ ಕೊಟ್ಟು ಬ್ರೇಕು ಬಿಟ್ಟೆ. ವಿಮಾನ ಹೊರಟಿತು, ತುಂಬಿದ ಎತ್ತಿನ ಗಾಡಿಯ ಹಾಗೆ. ಕಲ್ಲು ಹತ್ತಿರ ಬಂತು. ಸೂಜಿ ನಲವತ್ತನ್ನೂ ಮುಟ್ಟಿರಲಿಲ್ಲ. ಇನ್ನೊಂದು ಸ್ವಲ್ಪ, ಎದ್ದುಬಿಡುತ್ತದೆ, ಅಡ್ಜಸ್ಟ್ ಆಗುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ಕಲ್ಲು ರೆಕ್ಕೆಯ ಕೆಳಗೆ ಸರಿದುಹೋಯಿತು. ಆಗ ಹಿಂದಿನ ಸೀಟಿನಲ್ಲಿ ಕ್ಯಾರಿಯರ್ ಗಡಗಡ ಅಲ್ಲಾಡಿದ ಸದ್ದು ಹೆಡ್‌ಸೆಟ್ಟಿನೊಳಗೂ ಕೇಳಿಸಿತು.

ಮೇಡಂ ಕೈ ಹಾಕುವ ಮೊದಲೇ ಎಂಜಿನ್ ಇಳಿಸಿ ಬ್ರೇಕು ತುಳಿದೆ. ಚಕ್ರಗಳು ಹುಲ್ಲಿನ ಮೇಲೆ ಜಾರಿದವು. ನಿಂತಾಗ ಮರಗಳು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದವು.

"ಎಂಜಿನ್ನಿನಲ್ಲಿ ಏನೋ ತೊಂದರೆ" ಎಂದು ಮೇಡಂ ಬಾಗಿಲು ತೆರೆದರು. ಸುಮ್ಮನಿದ್ದಿದ್ದರೆ ಅವರು ದಿನವಿಡೀ ಎಂಜಿನ್ ಬಿಚ್ಚಿ ನೋಡುತ್ತಿದ್ದರು, ನನ್ನ ಮರ್ಯಾದೆಯೂ ಉಳಿಯುತ್ತಿತ್ತು. "ಎಂಜಿನ್ ಅಲ್ಲ, ನಾನು ತೂಕ ಸುಳ್ಳು ಬರೆದಿದ್ದೇನೆ" ಎಂದೆ.

ಬ್ಯಾಗು, ನೀರು, ಜಾಕೆಟ್ಟು ಒಂದೊಂದಾಗಿ ಹುಲ್ಲಿನ ಮೇಲೆ ಬಂದವು. ಮೇಡಂ ಒಂದೊಂದನ್ನೂ ಕೈಯಲ್ಲಿ ಎತ್ತಿ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು. "ನಾನು ನಿನ್ನ ಕಾಗದವನ್ನು ನಂಬಿದ್ದೆ" ಎಂದಷ್ಟೇ ಹೇಳಿ ರೆಕ್ಕೆಯ ನೆರಳಿಗೆ ಹೋಗಿ ಕೂತರು.

"ಊಟ ಮಾಡ್ಬಿಡೋಣ, ಹಗುರ ಆಗತ್ತೆ" ಎಂದರು ನನ್ನ ಗಂಡ.

"ತಿಂದಿದ್ದು ಎಲ್ಲಿಗ್ರೀ ಹೋಗತ್ತೆ? ನಿಮ್ಮ ಹೊಟ್ಟೇಲೇ ತಾನೇ ಇರತ್ತೆ!" ಎಂದು ರೇಗಿದೆ. ಅವರ ಮುಖ ಬಾಡಿತು. ತಪ್ಪು ಅವರೊಬ್ಬರದಲ್ಲ, ಬರೆದ ಕೈ ನನ್ನದು.

ಮೇಡಂ ತೀರ್ಮಾನ ಹೇಳಿದರು. ಸಂಜೆ ತಂಪಾಗುವ ತನಕ ಕಾಯುವುದು. ಆಮೇಲೆ ಮೇಡಂ ಮತ್ತು ನಾನು ಇಬ್ಬರೇ ಹಾರಿ ಕೆಳಗಿನ ಊರಿನ ಉದ್ದನೆಯ ಡಾಂಬರು ರನ್‌ವೇಗೆ ಹೋಗುವುದು. ನನ್ನನ್ನು ಅಲ್ಲಿ ಇಳಿಸಿ, ನನ್ನ ಗಂಡನನ್ನು ಅವರೊಬ್ಬರೇ ಬಂದು ಕರೆದೊಯ್ಯುವುದು. ಹಾರಿಸುವವಳು ನಾನೇ ಎಂದೂ ಹೇಳಿದರು. ನನಗೆ ಬೇಡವಾಗಿತ್ತು, ಹೇಳುವ ಮುಖವಿರಲಿಲ್ಲ.

ಆರು ಗಂಟೆಗೆ ನನ್ನ ಗಂಡ ಗುರುತಿಗೆಂದು ಆ ಬಿಳಿ ಕಲ್ಲಿನ ಆಚೆ, ರನ್‌ವೇಯಿಂದ ದೂರ ಸರಿದು ನಿಂತರು. ಪಕ್ಕದಲ್ಲಿ ಬ್ಯಾಗು, ಕ್ಯಾನು. ನಾನು ಬ್ರೇಕು ಬಿಟ್ಟೆ. ಅವರು ದೊಡ್ಡದಾಗಿ ಕಾಣುತ್ತಾ ಬಂದರು. ಅವರ ಮುಖ ನೋಡಬೇಕೆನಿಸಿತು, ಸೂಜಿಯನ್ನು ನೋಡಿದೆ. ನಲವತ್ತೆಂಟು. ವಿಮಾನ ಎದ್ದಿತು, ಮರಗಳು ಕೆಳಗಾದವು, ಅವರು ಹಿಂದೆ ಉಳಿದರು.

ಕೆಳಗಿನ ಊರಿನಲ್ಲಿ ನನ್ನನ್ನು ಇಳಿಸಿ ಮೇಡಂ ಹಿಂದಿರುಗಿದರು. ನಾನು ಬೇಲಿಗೆ ಒರಗಿ ಕಾಗದದ ಹಿಂಬದಿಯಲ್ಲಿ ನಿಜವಾದ ತೂಕ ಬರೆದು ಕೂಡಿದೆ. ಇಪ್ಪತ್ತನಾಲ್ಕು ಕೆಜಿ ಸುಳ್ಳು. ಬೆಟ್ಟದ ಕಡೆಯಿಂದ ಒಂದು ಗಂಟೆ ಹೊತ್ತು ಯಾವ ಸದ್ದೂ ಬರಲಿಲ್ಲ. ನಾನು ದೇವರನ್ನು ಹೆಚ್ಚು ನೆನೆಯುವವಳಲ್ಲ, ಅವತ್ತು ನೆನೆದೆ.

ಕೊನೆಗೆ ವಿಮಾನ ಬಂತು. ನನ್ನ ಗಂಡ ಕೈಬೀಸಿಕೊಂಡು ಇಳಿದರು. ಓಡಿಹೋಗಿ ತಬ್ಬಿಕೊಂಡೆ. ತಬ್ಬಿಕೊಂಡೇ ಅವರ ಜಾಕೆಟ್ಟಿನ ಜೇಬುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ.

"ಏನೂ ಇಲ್ಲ ಕಣೇ" ಎಂದರು. "ಲೆನ್ಸು, ಕ್ಯಾರಿಯರ್ರು ಎಲ್ಲಾ ಅಲ್ಲೇ ಇಟ್ಟು ಬಂದೆ. ಒಬ್ಬನೇ ತಾನೇ, ತರಬಹುದು ಅಂದ್ರು ಮೇಡಂ. ನಂಗೇ ಧೈರ್ಯ ಬರ್ಲಿಲ್ಲ."