ವಾಪಸ್ ಕಳಿಸಿದ ಕನ್ನಡಿ

ನೆಲಮಂಗಲದಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರಮ್ಮನಿಗೆ ಯಾರನ್ನು ಏನು ಕೇಳಲೂ ಸಂಕೋಚವಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಕೇಳೋದ್ರಲ್ಲಿ ತಪ್ಪೇನೈತೆ?” ಎಂದರೆ ಬಸ್ಸಿನ ಕಂಡಕ್ಟರನೂ ತೆಪ್ಪಗೆ ಚಿಲ್ಲರೆ ಹುಡುಕುತ್ತಿದ್ದ. ನಾನೋ, ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರೂ ಹೋಟೆಲಿನಲ್ಲಿ ಎರಡನೇ ಸಲ ಚಟ್ನಿ ಕೇಳಲು ಹೆದರುವವನು.

ಒಮ್ಮೆ ಆನ್‌ಲೈನಿನಲ್ಲಿ ಆಳೆತ್ತರದ ಕನ್ನಡಿ ತರಿಸಿದೆ. ಅದರಲ್ಲಿ ನನ್ನ ಹೊಟ್ಟೆ ಕಂಡದ್ದೇ, ಕನ್ನಡಿಯೇ ಸರಿಯಿಲ್ಲವೆಂದು ವಾಪಸ್ ಮಾಡಿದೆ. ಕೊರಿಯರಿನವನು ಓನರಮ್ಮನ ಎದುರೇ ಅದನ್ನು ಪರೀಕ್ಷಿಸಿ, ಫೋಟೊ ತೆಗೆದು ಒಯ್ದ. ಕೆಲವು ದಿನಗಳ ಮೇಲೆ, ಕನ್ನಡಿ ಒಡೆದಿರುವುದರಿಂದ ಹಣ ಕೊಡಲಾಗದು ಎಂದು ಮೆಸೇಜು ಬಂತು.

“ಹೋಗ್ಲಿ ಬಿಡಿ ಅಮ್ಮ,” ಎಂದೆ.

ಅವರು ಬಿಡಲಿಲ್ಲ. ನನ್ನಿಂದಲೇ ಕಂಪನಿಗೆ ಫೋನ್ ಮಾಡಿಸಿ, ಸ್ಪೀಕರ್ ಹಾಕಿಸಿದರು. “ನೋಡಪ್ಪಾ, ನಿಮ್ಮೋನೇ ನೋಡಿ, ಫೋಟೊ ಹೊಡ್ಕೊಂಡು ತಗೊಂಡೋದ. ಆಮೇಲೆ ದಾರೀಲಿ ಒಡೆದ್ರೆ ಅದು ನಿಮ್ಮ ಜವಾಬ್ದಾರಿ. ದುಡ್ಡು ಕೊಡಲ್ಲ ಅಂದ್ರೆ ಹಂಗಂತ ಬರ್ದು ಕಳ್ಸು, ಗ್ರಾಹಕರ ಕೋರ್ಟಲ್ಲಿ ಕೇಳ್ತೀವಿ.”

ಕನ್ನಡಿಯನ್ನು ನಾನೇ ಒಡೆದವನಂತೆ ಬೆವರು ಒರೆಸಿಕೊಳ್ಳುತ್ತ ಗೋಡೆಗೆ ಒರಗಿ ನಿಂತಿದ್ದೆ. ಆ ಕಡೆಯವನು ಫೋಟೊ ನೋಡಿ ದನಿ ತಗ್ಗಿಸಿದ. “ಸಾರಿ ಮೇಡಂ, ತಪ್ಪು ನಮ್ದೇ. ದುಡ್ಡು ವಾಪಸ್ ಹಾಕ್ಲಾ, ಇಲ್ಲಾ ಬೇರೆ ಕನ್ನಡಿ ಕಳಿಸ್ಲಾ?”

ಓನರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿದರು. “ದುಡ್ಡೇ ಹಾಕಪ್ಪಾ. ಯಾವ ಕನ್ನಡಿ ಕಳ್ಸಿದ್ರೂ ಈವಯ್ಯನ್ನೇ ತಾನೆ ತೋರ್ಸೋದು!”