ರಾಣಿಯ ಅಡುಗೆಮನೆ ಹುಡುಕಿಕೊಂಡು

ಮೊನ್ನೆ ಸೊಸೆ ಅಡುಗೆಮನೆಯಲ್ಲಿ ರಾಗಿ ಅರಳು ಹುರಿಯುತ್ತಿದ್ದಳು. ಹಜಾರದಲ್ಲಿ ಕುಳಿತಿದ್ದ ನನಗೆ ಆ ಘಮ ಬಂದದ್ದೇ ತಡ, ಎದುರುಮನೆ ದೊಡ್ಡವ್ವ ಬಂದು ಮುಂದೆ ನಿಂತಂತಾಯಿತು. ಪೆನುಗೊಂಡೆಗೆ ಹೊರಡುವ ಹಿಂದಿನ ಸಂಜೆ ಅವಳು ಹುರಿಹಿಟ್ಟಿಗೆ ಬೆಲ್ಲ ಕುಟ್ಟಿ ಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟುತ್ತಾ, "ಇಷ್ಟು ಸಾಕೇನೇ ಮೂರು ಜನಕ್ಕೆ?" ಎಂದು ಕೇಳಿದ್ದಳು…

ನಮ್ಮದು ದೊಡ್ಡಬಳ್ಳಾಪುರದ ಹತ್ತಿರ, ರಾಜಘಟ್ಟದ ಪಕ್ಕದ ಸಣ್ಣ ಊರು. ದೊಡ್ಡವ್ವ ನಮಗೆ ನೆಂಟಳಲ್ಲ, ಬೀದಿಯ ಆಚೆ ಮನೆಯವಳು. ಆದರೂ ನಾನು ಅವಳನ್ನು ದೊಡ್ಡವ್ವ ಎಂದೂ ಅವಳ ಗಂಡನನ್ನು ದೊಡ್ಡಪ್ಪ ಎಂದೂ ಕರೆದೇ ಬೆಳೆದವಳು. ಬೆಂಗಳೂರಿಗೆ ಹೋಗಿಬಂದವರನ್ನು ಎಲ್ಲರೂ ಏನು ತಂದಿರಿ ಎಂದು ಕೇಳಿದರೆ, ದೊಡ್ಡವ್ವ ಕೇಳುತ್ತಿದ್ದುದೇ ಬೇರೆ. ಅಲ್ಲಿ ಮಳೆನೀರು ಎಲ್ಲಿಗೆ ಹರಿದುಹೋಗುತ್ತೆ? ಮಹಡಿ ಮೇಲಿರುವವರು ಕಸ ಎಲ್ಲಿ ಹಾಕುತ್ತಾರೆ? ಬಂದವರು ಪೆಚ್ಚಾಗಿ ನಗುತ್ತಿದ್ದರು.

ಒಂದು ದಿನ ಪೆನುಗೊಂಡೆ ಕಡೆಯ ಬಳೆಗಾರ ಅವಳ ಜಗಲಿಯ ಮೇಲೆ ಬಳೆಗಳ ಮಲಾರ ಬಿಚ್ಚಿದ್ದ. ಬಳೆ ತೊಡಿಸುತ್ತಾ ತಮ್ಮೂರಿನ ಸುದ್ದಿ ತೆಗೆದ. "ಬೆಟ್ಟದ ಬುಡದಲ್ಲೇ ರಾಜರ ಮಹಲು ಐತಮ್ಮಾ. ಮಹಡಿ ಮೇಲೆ ಮಹಡಿ. ರಾಣಿಯರು ಬೇಸಿಗೆಯೆಲ್ಲಾ ಅಲ್ಲೇ ಇರ್ತಿದ್ರಂತೆ."

ದೊಡ್ಡವ್ವ ಕೈ ಹಿಂದಕ್ಕೆ ಎಳೆದುಕೊಂಡಳು. "ಅಷ್ಟು ಜನಕ್ಕೆ ಅಡುಗೆ ಎಲ್ಲಿ ಮಾಡೋರು? ಹೊಗೆ ಎಲ್ಲೋಗೋದು?"

"ಅದನ್ನ ಯಾರು ನೋಡ್ತಾರಮ್ಮಾ!"

"ಹಂಗಾರೆ ನಾನೇ ನೋಡ್ಕೊಂಡು ಬರ್ತೀನಿ ಬಿಡು."

ಹೊಗೆಯ ಯೋಚನೆ ಅವಳಿಗೆ ಸುಮ್ಮನೆ ಬಂದದ್ದಲ್ಲ. ಅವಳ ಅಡುಗೆಮನೆ ಮನೆಯ ಹಿಂಬದಿಯಲ್ಲಿತ್ತು. ಅದಕ್ಕೊಂದು ಕಿಟಕಿಯೇ ಇರಲಿಲ್ಲ. ಹೊಗೆ ಹೆಂಚಿನ ಸಂದಿಯಲ್ಲಿ ನುಸುಳಿ ಹೋಗಬೇಕು. ಮಹಾಯುದ್ಧ ಆಗತಾನೇ ಮುಗಿದಿತ್ತು, ಸೀಮೆಎಣ್ಣೆ ಇನ್ನೂ ರೇಷನ್ ಅಳತೆಯಲ್ಲೇ ಸಿಗುತ್ತಿತ್ತು. ಹಾಗಾಗಿ ಅಲ್ಲಿ ಬುಡ್ಡಿಯನ್ನೂ ಹಚ್ಚುತ್ತಿರಲಿಲ್ಲ. ಒಲೆಯ ಬೆಳಕಿನಲ್ಲೇ ಇಡೀ ಮನೆಗೆ ಮುದ್ದೆ ತೊಳಸುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಾ.

ದೊಡ್ಡಪ್ಪ ಮೊದಲು ಗದರಿದ. "ಬಿದ್ದ ಗೋಡೆ ನೋಡಕ್ಕೆ ರೈಲು ಹತ್ಬೇಕಾ? ರಾಜಘಟ್ಟದ ದಿಬ್ಬದ ಮೇಲೆ ಬೇಕಾದಷ್ಟು ಹಳೇ ಇಟ್ಟಿಗೆ ಅವೆ, ನೋಡ್ಕೊಂಡು ಬಾ."

"ಅಲ್ಲಿ ಯಾರಿದ್ರು ಅಂತ ನಿಮಗೆ ಗೊತ್ತಾ?"

"ಯಾರಿಗ್ಗೊತ್ತು?"

"ಪೆನುಗೊಂಡೇಲಿ ಇದ್ದೋರು ಯಾರು ಅಂತ ಗೊತ್ತೈತೆ. ಅಲ್ಲಿಗೇ ಹೋಗ್ತೀನಿ."

ಕೊನೆಗೆ ಅವನು, ಹಾಲು ಕರೆದಿಟ್ಟು ಎಲ್ಲಿಗಾದರೂ ಹೋಗು ಎಂದ. ಹಿಂದೂಪುರದ ಸಂತೆಗೆ ಹುಣಸೆಹಣ್ಣು ತರಲು ಹೋಗುತ್ತಿದ್ದ ನಮ್ಮಣ್ಣನಿಗೆ ತೆಲುಗು ಬರುತ್ತಿತ್ತು, ಅವನು ಜೊತೆಗೆ ಬರುವುದೆಂದಾಯಿತು. ನನಗೆ ಆಗ ಹದಿನೇಳು. ನಾಲ್ಕಕ್ಷರ ಓದಲು ಬರುತ್ತಿದ್ದುದರಿಂದ ನನ್ನನ್ನೂ ಸೇರಿಸಿಕೊಂಡಳು. ಆಮೇಲೆ ದಿನಾ ಸಂಜೆ ನಮ್ಮ ಜಗಲಿಯಲ್ಲಿ ಅದೇ ಮಾತು. ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ಬರಬೇಕು. ಮುದ್ದೆಗೆ ವಾರಗಿತ್ತಿ ಇದ್ದಾಳೆ, ಕರುವಿಗೆ ನೀರು ಯಾರು ಇಡುತ್ತಾರೆ? ಅಣ್ಣನ ಪ್ರಾಣ ತಿನ್ನುತ್ತಿದ್ದಳು. "ರೈಲಲ್ಲಿ ನಿದ್ದೆ ಬಂದು ಊರು ದಾಟ್ಬಿಟ್ರೆ? ಹಿಂದಕ್ಕೆ ಬಿಡ್ತಾರೇನಪ್ಪಾ?"

ಕೋಳಿ ಕೂಗುವ ಮೊದಲೇ ಗಾಡಿ ಕಟ್ಟಿಸಿಕೊಂಡು ದೊಡ್ಡಬಳ್ಳಾಪುರದ ಸ್ಟೇಷನ್ನಿಗೆ ಹೋದೆವು. ಮಾಕಳಿದುರ್ಗದ ಬೆಟ್ಟಗಳ ನಡುವೆ ರೈಲು ತಿರುಗುವಾಗ ದೊಡ್ಡವ್ವ ತಲೆ ಹೊರಗೆ ಹಾಕಿದಳು. ಇಂಜಿನ್ನಿನ ಕಿಡಿಬೂದಿ ಕಣ್ಣಿಗೆ ಬಿತ್ತು. ಉಜ್ಜಿಕೊಂಡು ಮತ್ತೆ ತಲೆ ಹಾಕಿದಳು. ಪೆನುಗೊಂಡೆಯ ಬೋರ್ಡು ಓದಲು ಹೋದೆ. ಅಕ್ಷರಗಳು ನಮ್ಮವೇ ಅನ್ನಿಸಿದರೂ ಒಂದೆರಡು ತಲೆ ಬೇರೆ ಥರ ಬಾಚಿಕೊಂಡಂತಿದ್ದವು.

ಜಟಕಾ ಮಾಡಿಕೊಂಡು ಊರೊಳಗೆ ಹೋಗಿ ಮಹಲಿನ ಮುಂದೆ ಇಳಿದಾಗ ನನಗೆ ನಿರಾಸೆಯಾಯಿತು. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಅರಮನೆ ಇದಕ್ಕಿಂತ ಬಹಳ ದೊಡ್ಡದು. ಒಳಗೆ ಬಾವಲಿಯ ವಾಸನೆ, ಬರೀ ಗೋಡೆ. ದೊಡ್ಡವ್ವನಿಗೆ ಅದೆಲ್ಲ ತಾಗಲೇ ಇಲ್ಲ. ಗಾರೆಯನ್ನು ಅಂಗೈಯಿಂದ ಸವರಿದಳು, ಮೂಲೆ ಮೂಲೆಗೂ ಇಣುಕಿದಳು. ಒಲೆಯ ಗುರುತು ಎಲ್ಲೂ ಇಲ್ಲ. ಹೊರಗೆ ಮೇಕೆ ಮೇಯಿಸುತ್ತಿದ್ದ ಮುದುಕಿಯನ್ನು ಅಣ್ಣ ತೆಲುಗಿನಲ್ಲಿ ಕೇಳಿದ. ಅವಳು ನಕ್ಕು, ರಾಜರು ಮಲಗೋ ಕಡೆ ಯಾರಾದರೂ ಒಲೆ ಹಚ್ಚುತ್ತಾರಾ, ಅದು ಬೇರೆ ಇದ್ದು ಬಿದ್ದುಹೋಗಿರಬೇಕು ಎಂದಳಂತೆ.

ನಾವು ಹೊರಡೋಣ ಎನ್ನುವಷ್ಟರಲ್ಲಿ ದೊಡ್ಡವ್ವ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಮೇಲೆ ಹೋಗಿದ್ದಳು. ಅಲ್ಲಿ ಬೆಟ್ಟದ ಕಡೆಯ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದಳು, ಸೆರಗು ಮುಂದಕ್ಕೆ ಹಾರುತ್ತಿತ್ತು. ರೈಲು ತಪ್ಪುತ್ತೆ ಎಂದು ಅಣ್ಣ ಅವಸರಿಸಿದ.

"ಇರಪ್ಪಾ. ನೋಡಿಲ್ಲಿ, ಒಂದು ಕಿಟಕಿ ಎದುರಿಗೆ ಇನ್ನೊಂದು ಮಡಗವ್ರೆ. ಇದ್ರಲ್ಲಿ ಬಂದು ಅದ್ರಲ್ಲಿ ಹೋಗ್ತೈತೆ ಗಾಳಿ." ರೈಲಿನಲ್ಲಿ ವಾಪಸು ಬರುವಾಗಲೂ ಅವಳು ಅಂಗೈಯನ್ನು ಕಿಟಕಿಗೆ ಒಡ್ಡಿ ಗಾಳಿ ನೋಡುತ್ತಿದ್ದಳು.

ಕೆಲವು ದಿನ ಕಳೆದ ಮೇಲೆ, ದೊಡ್ಡಪ್ಪ ಸಂತೆಗೆ ಹೋಗಿದ್ದಾಗ ಎದುರುಮನೆಯಿಂದ ಧಡ್ ಧಡ್ ಎಂದು ಸದ್ದು ಬಂತು. ಓಡಿದೆ. ದೊಡ್ಡವ್ವ ಸೆರಗು ಬಿಗಿದು, ಅಡುಗೆಮನೆ ಬಾಗಿಲಿಗೆ ನೇರ ಎದುರಿನ ಮಣ್ಣಿನ ಗೋಡೆಗೆ ಹಾರೆ ಹಾಕುತ್ತಿದ್ದಳು. "ನೋಡ್ತಾ ನಿಂತ್ಕೋಬೇಡ, ಮಣ್ಣು ಎತ್ತು" ಎಂದಳು. ಎತ್ತಿದೆ. ಸಂಜೆಯ ಹೊತ್ತಿಗೆ ಒಂದು ತಲೆ ತೂರುವಷ್ಟು ಕಂಡಿಯಾಗಿತ್ತು. ಹೊಗೆ ಅದರಲ್ಲಿ ಹೊರಗೆ ಹೋಗುವುದನ್ನು ಇಬ್ಬರೂ ನೋಡುತ್ತಾ ಕುಳಿತೆವು.

ಅಷ್ಟರಲ್ಲಿ ದೊಡ್ಡಪ್ಪ ಬಂದ. ಸುದ್ದಿ ಬೀದಿಯಲ್ಲೇ ಅವನ ಕಿವಿಗೆ ಬಿದ್ದಿತ್ತು. "ಇರೋ ಮನೆ ಗೋಡೆ ಒಡೆಯೋಕೆ ನಿಂಗೆಷ್ಟು ಧೈರ್ಯ!" ಎಂದು ಕೂಗುತ್ತಲೇ ಒಳಗೆ ನುಗ್ಗಿದ. ಪಡುವಣ ಬಿಸಿಲು ಆ ಕಂಡಿಯಿಂದ ನೇರವಾಗಿ ದೊಡ್ಡವ್ವನ ಮುಖದ ಮೇಲೆ ಬಿದ್ದಿತ್ತು. ಅವನು ಹತ್ತಿರ ಬಂದು ಬಗ್ಗಿ ನೋಡಿದ. ಅವಳ ಎಡಗಣ್ಣಿಗೆ ಬಿಳಿಯ ಪೊರೆ ಪೂರ್ತಿ ಕವಿದಿತ್ತು.

"ಇದು ಯಾವಾಗಿಂದ ಹಿಂಗೈತೆ?"

"ಎರಡು ವರ್ಷ ಆಗಿರ್ಬೇಕು."

"ಹೇಳಲಿಲ್ಲ ನೀನು."

"ದಿನಾ ಇಲ್ಲೇ ಕೂತು ಉಣ್ತಿದ್ರಲ್ಲ…" ಎಂದಳು, ಅಷ್ಟೇ. ನಾನು ಮಣ್ಣಿನ ಮಂಕರಿ ಎತ್ತಿಕೊಂಡು ಹೊರಗೆ ಬಂದುಬಿಟ್ಟೆ.

ಮರುವಾರವೇ ಅವನು ಅವಳನ್ನು ಬೆಂಗಳೂರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಎಡಗಣ್ಣಿಗೆ ಅರ್ಧಂಬರ್ಧ ನೋಟ ಬಂತು, ಬಲಗಣ್ಣು ಉಳಿಯಿತು. ಕಂಡಿಗೆ ಬಡಗಿಯ ಕೈಯಲ್ಲಿ ಚೌಕಟ್ಟು ಕೂರಿಸಿದ. ಊರ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿದರು. ಮೊದಲು ನಕ್ಕರು. ಆಮೇಲೆ ನಮ್ಮವ್ವನೂ ಸೇರಿ ಮೂರು ನಾಲ್ಕು ಮನೆಯವರು ಅಡುಗೆಮನೆಗೆ ಕಿಟಕಿ ಇಡಿಸಿದರು.

ನನ್ನನ್ನು ಹೊಸಕೋಟೆ ಕಡೆ ಕೊಟ್ಟರು. ಊರಿಗೆ ಹೋದಾಗಲೆಲ್ಲ ದೊಡ್ಡವ್ವ ನನ್ನನ್ನು ಕೂರಿಸಿಕೊಂಡು, ನಿಮ್ಮೂರ ಕೆರೆ ಎಷ್ಟು ಆಳ, ನಿಮ್ಮತ್ತೆ ಏನಂತ ಬೈತಾಳೆ ಎಂದು ಕೇಳುತ್ತಿದ್ದಳು. ಒಂದು ಚಳಿಗಾಲ ಅವಳು ಹೋದ ಸುದ್ದಿ ಬಂದು ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು… ದೊಡ್ಡಪ್ಪ ಜಗಲಿಯ ಮೇಲೆ ಕುಳಿತಿದ್ದ. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ಅವನೂ ಹೋದ, ನಮ್ಮಣ್ಣನೂ ಹೋದ. ದೊಡ್ಡವ್ವನದು ಒಂದು ಫೋಟೋ ಕೂಡ ಯಾರ ಮನೆಯಲ್ಲೂ ಇಲ್ಲ. ಅವಳು ಹೇಗಿದ್ದಳು, ನಕ್ಕರೆ ಹೇಗೆ ಕಾಣುತ್ತಿದ್ದಳು ಎಂದು ಹೇಳಬಲ್ಲವಳು ಈಗ ನಾನೊಬ್ಬಳೇ. ಆದರೆ ನನ್ನನ್ನು ಕೂರಿಸಿಕೊಂಡು ಅಂಥದ್ದನ್ನೆಲ್ಲ ಕೇಳುತ್ತಿದ್ದವಳು ಅವಳೊಬ್ಬಳೇ.