ನೆಲಕ್ಕೆ ದೃಷ್ಟಿ ತೆಗೆದದ್ದು

ನಮ್ಮ ಮನೆಯ ಹಿಂದೆ ಮೊದಲು ಎತ್ತು ಕಟ್ಟುತ್ತಿದ್ದ ಕೋಣೆಯೊಂದಿದೆ. ಎತ್ತು ಮಾರಿ ಬಾಡಿಗೆ ಟ್ರ್ಯಾಕ್ಟರ್ ಕರೆಸಲು ಶುರು ಮಾಡಿದ ಮೇಲೆ ಅಪ್ಪ ಅಲ್ಲಿ ಗೊಬ್ಬರದ ಚೀಲ ಇಡುತ್ತಿದ್ದ. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ದುಂಡಸಿಗೆ ವಾಪಸು ಬಂದ ವರ್ಷ ಚೀಲಗಳು ಪಡಸಾಲೆಗೆ ಬಂದವು, ನಾನು ಆ ಕೋಣೆಗೆ ಹೋದೆ. ಎರಡು ನೀಲಿ ಡ್ರಮ್ಮು, ಒಂದು ತಕ್ಕಡಿ, ಅಳತೆಯ ಗಾಜಿನ ಪಾತ್ರೆ, ಆಮ್ಲ-ಕ್ಷಾರ ನೋಡುವ ಕಾಗದದ ಪುಟ್ಟ ಕಟ್ಟು, ಕಲಕಲು ಅವ್ವನ ಕಡಗೋಲು. ಕಡಗೋಲಿನ ವಿಷಯದಲ್ಲಿ ಅವ್ವ ನನ್ನನ್ನು ಇನ್ನೂ ಕ್ಷಮಿಸಿಲ್ಲ.

ನಾನು ಅಲ್ಲಿ ನೆಲ ಒರೆಸುವ ದ್ರವ, ಪಾತ್ರೆ ತಿಕ್ಕುವ ದ್ರವ, ಬೋರಿನ ನೀರಿನಿಂದ ನಲ್ಲಿಗೆ ಹಿಡಿಯುವ ಬಿಳಿ ಪೊರೆ ತೆಗೆಯುವ ದ್ರವ ಮಾಡುತ್ತಿದ್ದೆ. ಊರಿನವರಿಗೆ ಮೂರೂ ಫಿನಾಯಿಲ್.

"ಎಂ.ಎಸ್ಸಿ.ದಾಗ ಫಿನಾಯಿಲ್ ಮಾಡೂದು ಕಲಸ್ತಾರೇನವಾ?" ಎಂದು ಪಕ್ಕದ ಮನೆಯ ಅಕ್ಕ ಕೇಳಿದಳು.

"ಕಲಸ್ತಾರ. ಆದರ ಕಡೇ ವರ್ಷದಾಗ. ಭಾಳ ಕಠಿಣ ಇರತೈತಿ," ಎಂದು ಅವ್ವ ನನ್ನ ಪರವಾಗಿ ಉತ್ತರ ಕೊಟ್ಟಳು. ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ.

ಮಾರುವುದು ಬರುತ್ತಿರಲಿಲ್ಲ. ಅಂಗಡಿಯ ಮುಂದೆ ಬಾಟಲಿ ಹಿಡಿದು ನಿಂತರೆ ಅಂಗಡಿಯವರೇ ಕನಿಕರಪಟ್ಟು "ಏನ್ ಬೇಕಾಗಿತ್ತವಾ?" ಎಂದು ಕೇಳುತ್ತಿದ್ದರು, ನಾನು ಒಂದು ಬೆಂಕಿಪೊಟ್ಟಣ ಕೊಂಡು ಬರುತ್ತಿದ್ದೆ. ಹಾಗಾಗಿ ಮಾರುವ ಕೆಲಸ ಅವ್ವನದಾಯಿತು. ಆದರೆ ಅವ್ವನಿಗೂ ನನಗೂ ನೊರೆಯ ಮೇಲೆ ಜಗಳವಿತ್ತು. ನನ್ನ ನೆಲದ ದ್ರವದಲ್ಲಿ ನೊರೆ ಕಡಿಮೆ. ಬೇಕೆಂದೇ ಕಡಿಮೆ ಮಾಡಿದ್ದೆ. ನೊರೆ ಹೆಚ್ಚಾದಷ್ಟೂ ತೊಳೆಯಲು ನೀರು ಹೆಚ್ಚು ಬೇಕು, ಕೊಳೆ ಹೋಗುವುದಕ್ಕೂ ನೊರೆಗೂ ಅಂಥ ಸಂಬಂಧವೇನಿಲ್ಲ. ಇದನ್ನೆಲ್ಲ ವಿವರಿಸಿ ಹೇಳಿದೆ. ಅವ್ವ ಪೂರ್ತಿ ಕೇಳಿದಳು.

"ಬರೋಬ್ಬರಿ ಐತಿ. ಆದರ ನೊರಿ ಬರಲಿಲ್ಲಂದ್ರ ತಿಕ್ಕಿದಂಗ ಅನಸೂದಿಲ್ಲ. ತಿಕ್ಕಿದಂಗ ಅನಸಲಿಲ್ಲಂದ್ರ ಸ್ವಚ್ಛ ಆದಂಗ ಅನಸೂದಿಲ್ಲ."

"ಅನಸೂದು ಬ್ಯಾರೆ, ಆಗೂದು ಬ್ಯಾರೆ ಅವ್ವಾ."

"ಮಂದಿ ತಗೊಳ್ಳೂದು ಅನಸೂದನ್ನ," ಎಂದಳು ಅವ್ವ.

ಅಪ್ಪ ಈ ಜಗಳದಲ್ಲಿ ಸೇರಲಿಲ್ಲ. ಅವನು ಹಾನಗಲ್ಲಿನ ಕಾಲೇಜೊಂದರಿಂದ ಬಿ.ಎಡ್. ಅರ್ಜಿ ತಂದಿದ್ದ. ನನ್ನ ಹೆಸರು, ಅಂಕಗಳು, ವಿಳಾಸ ಎಲ್ಲವನ್ನೂ ತಾನೇ ದುಂಡಗೆ ತುಂಬಿದ್ದ. ನನ್ನ ಸಹಿ ಮಾತ್ರ ಬಾಕಿ.

"ಸೋಮವಾರ ಕಡೇ ದಿನ. ಅಷ್ಟರಾಗ ಒಬ್ಬ ಖಾಯಂ ಗಿರಾಕಿ ತೋರಸು, ಈ ಅರ್ಜಿ ಮಾತು ಎತ್ತೂದಿಲ್ಲ. ಬೀಗರು-ಪಾವಣ್ಯಾರು ಲೆಕ್ಕಕ್ಕಿಲ್ಲ. ಒಂದ್ಸಲ ತಗೊಂಡು ಸುಮ್ಮನಾಗಾವ್ರೂ ಲೆಕ್ಕಕ್ಕಿಲ್ಲ. ಖಾಯಂ ಇರಬೇಕು," ಎಂದ.

ಅಪ್ಪನದು ತಪ್ಪು ಎನ್ನಲಾರೆ. ಆದರೆ ಎಂ.ಎಸ್ಸಿ.ಯಲ್ಲಿ ನಾನು ಮಂಡಿಸಿದ ಒಂದೇ ಒಂದು ಸೆಮಿನಾರನ್ನು ಮೊದಲಿನಿಂದ ಕೊನೆಯವರೆಗೆ ಫ್ಯಾನಿನ ಸ್ವಿಚ್ಚಿಗೆ ಹೇಳಿದ್ದೆ. ನಲವತ್ತು ಮಕ್ಕಳು ದಿನವೂ ನನ್ನನ್ನೇ ನೋಡುತ್ತ ಕೂರುವ ಕೋಣೆಯನ್ನು ನೆನೆಸಿದರೆ ಮೊದಲು ಅಲ್ಲಿ ಸ್ವಿಚ್ಚು ಎಲ್ಲಿದೆ ಎಂದು ಹುಡುಕುತ್ತಿದ್ದೆ. ಯಾರೂ ನೋಡದ ಕೋಣೆಯೊಂದು ಹೇಗೋ ಸಿಕ್ಕಿತ್ತು. ಅದನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

ಗಿರಾಕಿಯನ್ನು ಹುಡುಕಿದ್ದು ಅವ್ವ. ಶಿಗ್ಗಾಂವಿಯಲ್ಲಿ ಹೆದ್ದಾರಿಯ ಪಕ್ಕದ ಕಲ್ಯಾಣಮಂಟಪವೊಂದಕ್ಕೆ ಮದುವೆಗೆ ಹೋದವಳು, ಬಡಿಸುವವನೊಬ್ಬ ಗೋಧಿ ಹುಗ್ಗಿಯ ಬಕೆಟ್ಟಿನ ಸಮೇತ ಊಟದ ಹಾಲಿನಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಜಾರಿದ್ದನ್ನು ಕಂಡಳು. ಉಳಿದವರು ಹುಗ್ಗಿಯನ್ನು ನೋಡಿದರು, ಅವ್ವ ನೆಲವನ್ನು ನೋಡಿದಳು. ಎಲೆಯಿಂದ ಎದ್ದವಳೇ ಕೈ ತೊಳೆದು ಮ್ಯಾನೇಜರರ ಬಳಿ ಹೋದಳು. "ಶನಿವಾರ ಮಧ್ಯಾಹ್ನ ಬರ್ರಿ. ಊಟದ ಹಾಲ್ ಖಾಲಿ ಇರತೈತಿ. ಜಿಡ್ಡು ಹೋದ್ರ ವಿಚಾರ ಮಾಡೋಣು," ಎಂದರಂತೆ ಅವರು.

ಜಿಡ್ಡಿಗೆಂದೇ ನಾನು ಒಂದು ಹೊಸ ದ್ರವ ಮಾಡಿದೆ. ಎಣ್ಣೆಯ ಮೇಲೆ ಕ್ಷಾರ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ವಾಷಿಂಗ್ ಸೋಡಾದ ಪ್ರಮಾಣ ಹೆಚ್ಚಿಸಿ, ಹುಬ್ಬಳ್ಳಿಯಿಂದ ತಂದ ಬೇರೆ ಎರಡು ಪದಾರ್ಥ ಸೇರಿಸಿ, ನಾಲ್ಕು ದಿನದಲ್ಲಿ ಆರು ಸಲ ಅಳತೆ ಬದಲಿಸಿದೆ. ಪರೀಕ್ಷೆಗಾಗಿ ಅವ್ವ ಮಿರ್ಚಿ ಕರಿದ ಎಣ್ಣೆಯನ್ನು ಅಡುಗೆಮನೆಯ ನೆಲಕ್ಕೆ ಚೆಲ್ಲಿದಳು. ಅಪ್ಪ ಅದರ ಮೇಲೆ ಜಾರಿ, ಏನೂ ಆಗದವನಂತೆ ಎದ್ದು ಹೊಲಕ್ಕೆ ಹೋದ. ಆರನೆಯ ಅಳತೆಯಲ್ಲಿ ಎಣ್ಣೆ ಒಂದೇ ಸಲ ಒರೆಸಿದ್ದಕ್ಕೆ ಹೋಯಿತು.

ಶನಿವಾರ ಹೋದಾಗ ಊಟದ ಹಾಲ್ ಖಾಲಿ ಇರಲಿಲ್ಲ. ಬೆಳಿಗ್ಗೆಯ ಮದುವೆಯ ಮೂರನೆಯ ಪಂಕ್ತಿ ನಡೆದಿತ್ತು.

"ಇಲ್ಲೇ ಮಾಡಿ ತೋರಸ್ರಿ," ಎಂದು ಮ್ಯಾನೇಜರ್ ಬಾಗಿಲ ಮುಂದಿನ ಪಡಸಾಲೆಯನ್ನು ತೋರಿಸಿದರು. "ಇಲ್ಲೂ ಜಿಡ್ಡ ಐತಿ. ಲಗೂನ ಮುಗಸ್ರಿ. ನಾಳಿನ ಲಗ್ನದ ಗಂಡಿನ ಕಡ್ಯಾವ್ರು ಹಾನಗಲ್ಲಿನಿಂದ ಹೊಂಟಾರ."

ಆ ಪಡಸಾಲೆಯಲ್ಲೇ ಅವತ್ತು ಬೆಳಿಗ್ಗೆ ಸುರಿಗಿ ಮಾಡಿದ್ದರು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ವಧೂವರರನ್ನು ಕೂರಿಸಿ, ಅರಿಶಿಣ-ಎಣ್ಣೆ ಹಚ್ಚಿ ನೀರು ಹಾಕುವ ಶಾಸ್ತ್ರ. ಬಿಳಿ ಟೈಲ್ಸು ಗೋಡೆಯವರೆಗೂ ಹಳದಿಯಾಗಿತ್ತು. ನಾನು ನೋಡಿದ್ದು ಎಣ್ಣೆಯನ್ನು. ಹಳದಿಯನ್ನು ಕೊಳೆಗಿರುವ ಒಂದು ಬಣ್ಣ ಎಂದಷ್ಟೇ ತಿಳಿದೆ. ಅದು ಯಾವ ಪದಾರ್ಥ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ.

ಅಲ್ಲಿ ನೆಲ ಒರೆಸುವವಳು ಅರವತ್ತು ದಾಟಿದ ಹೆಂಗಸು. ಎಲ್ಲರೂ ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದರು. ಸೀರೆ ಎತ್ತಿ ಕಟ್ಟಿ ಬರಿಗಾಲಲ್ಲಿ ನಿಂತಿದ್ದಳು. "ಏನ್ ಹಾಕ್ತೀರಿ ಹಾಕ್ರಿ. ಕಡೀಕ ಬಳಿಯಾಕಿ ನಾನ," ಎಂದಳು.

ನಾನು ಅಳತೆಯಂತೆ ಬಕೆಟ್ಟಿನ ನೀರಿಗೆ ದ್ರವ ಬೆರೆಸಿ ನೆಲಕ್ಕೆ ಸುರಿದೆ.

ಮೊದಲು ಅಂಚುಗಳು ಕೇಸರಿಯಾದವು. ಆಮೇಲೆ ನಡುವೆ ಕೆಂಪಾಯಿತು. ನಾನು ಬ್ರಷ್ ಹಿಡಿದು ತಿಕ್ಕಿದಷ್ಟೂ ಕೆಂಪು ಗಾಢವಾಯಿತು. ಟೈಲ್ಸಿನ ಸಂದುಗಳಲ್ಲಿ ಹರಿದು, ಮೂರು ಮೆಟ್ಟಿಲು ಇಳಿದು, ರಸ್ತೆಯ ಕಡೆ ಹೊರಟಿತು.

"ಏನ್ರೀ ಇದು?" ಎಂದರು ಮ್ಯಾನೇಜರ್.

ಹೈಸ್ಕೂಲಿನಲ್ಲಿ ಅರಿಶಿಣ ಹಚ್ಚಿದ ಕಾಗದಕ್ಕೆ ಸಾಬೂನಿನ ನೀರು ಹಾಕಿ ಕೆಂಪು ಮಾಡಿ ತೋರಿಸಿ ನಾನು ಬಹುಮಾನ ಪಡೆದಿದ್ದೆ. ಅದು ನೆನಪಾದದ್ದು ಆಗ. "ಕ್ಷಾರ," ಎಂದೆ.

ದೊಡ್ಡವ್ವ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. "ಅಯ್ಯ ನಮ್ಮವ್ವಾ! ಅರಿಶಿಣಕ್ಕ ಸುಣ್ಣ ಹಾಕಿದ್ರ ಕೆಂಪ ಆಗತೈತಿ. ಆರತಿ ನೀರು ಹಿಂಗ ಅಲ್ಲೇನ ಕಲಸೂದು? ನೆಲಕ್ಕ ದೃಷ್ಟಿ ತಗದೀಯಲ್ಲಬೇ! ಎಷ್ಟ ಓದೀ ನೀ?"

"ಎಂ.ಎಸ್ಸಿ.," ಎಂದಳು ಅವ್ವ. ಆ ಮಾತನ್ನು ಅವಳು ಸಣ್ಣ ದನಿಯಲ್ಲಿ ಹೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಕ್ರೂಸರ್ ಗಾಡಿಯೊಂದು ಬಂದು ನಿಂತಿತು. ಗಂಡಿನ ಕಡೆಯ ಹಿರಿಯರೊಬ್ಬರು ಇಳಿದು, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ಕೆಳಗೆ ನೋಡಿ, ಕಾಲನ್ನು ಹಿಂದಕ್ಕೆ ತೆಗೆದರು.

"ಮ್ಯಾನೇಜರ್ರ, ಇಲ್ಲೆ ಏನ್ ಕೊಯ್ದೀರ್ರೀ?"

ಮ್ಯಾನೇಜರರ ಮುಖದಲ್ಲಿದ್ದ ಕೆಂಪೆಲ್ಲ ನೆಲಕ್ಕೇ ಇಳಿದಂತಿತ್ತು. ಉತ್ತರ ಕೊಟ್ಟವಳು ಅವ್ವ. "ಆರತಿ ನೀರ್ರೀ ಅಣ್ಣಾರ. ನಿಮ್ಮ ಹುಡುಗಗ ಯಾರ ದೃಷ್ಟಿನೂ ತಾಗಬಾರ್ದಂತ."

"ಆರತಿ ತಾಟಿನ್ಯಾಗ ಮಾಡ್ತಾರ ತಂಗಿ. ನೀವು ಪಡಸಾಲಿ ತುಂಬ ಮಾಡೀರಿ."

"ದೊಡ್ಡ ಮನಿತನ ಅಂತ ಕೇಳಿದ್ವಿ," ಎಂದಳು ಅವ್ವ.

ಹಿರಿಯರು ಮೀಸೆಯ ಮೇಲೆ ಕೈಯಾಡಿಸಿದರು. ಆದರೂ ಮೆಟ್ಟಿಲು ಹತ್ತಲಿಲ್ಲ. ಅವರ ಹಿಂದೆ ಇಳಿದ ಹೆಂಗಸರು ಬ್ಯಾಗು ಹಿಡಿದು ಸಾಲಾಗಿ ನಿಂತರು. ನಾನು ದೊಡ್ಡವ್ವನ ಕಿವಿಯ ಹತ್ತಿರ ಹೋಗಿ, "ಲಿಂಬಿಹಣ್ಣು ಸಿಗ್ತಾವೇನ್ರೀ?" ಎಂದು ಕೇಳಿದೆ. ಪಂಕ್ತಿಗೆ ಹೆಚ್ಚಿಟ್ಟ ಹೋಳುಗಳ ಬುಟ್ಟಿಯನ್ನೇ ಆಕೆ ಎತ್ತಿ ತಂದಳು.

ಒಂದು ಹೋಳನ್ನು ಕೆಂಪಿನ ಮೇಲೆ ಹಿಂಡಿದೆ. ಹನಿ ಬಿದ್ದಲ್ಲಿ ದುಂಡಗೆ ಹಳದಿಯಾಯಿತು. ಇನ್ನೊಂದು ಹಿಂಡಿದೆ, ಇನ್ನೊಂದು ಹಳದಿ ದುಂಡು. ಹಿರಿಯರು ಬಗ್ಗಿ ನೋಡಿದರು.

"ಇನ್ನೊಮ್ಮೆ ಮಾಡು ನೋಡೂಣು."

ಮಾಡಿದೆ.

"ನನಗೊಂದು ಹೋಳು ಕೊಡಿಲ್ಲೆ."

ಆಮೇಲಿನ ಕಾಲು ತಾಸನ್ನು ನಾನು ವಿವರವಾಗಿ ಬರೆಯಲಾರೆ. ಗಂಡಿನ ಕಡೆಯ ನಾಲ್ಕು ಮಂದಿ ಹಿರಿಯರು ಧೋತರ ಎತ್ತಿಕೊಂಡು ಕುಕ್ಕರಗಾಲಲ್ಲಿ ಕೂತು ಲಿಂಬೆ ಹಿಂಡಿದರು. "ಆ ಮೂಲಿ ಬಿಟ್ಟೀರಿ ನೋಡ್ರಿ," ಎಂದು ಹೆಂಗಸರು ಮೇಲ್ವಿಚಾರಣೆ ಮಾಡಿದರು. ಸಂದುಗಳನ್ನು ಮದುಮಗ ತಾನೇ ವಹಿಸಿಕೊಂಡ. ಒಳಗೆ ಪಂಕ್ತಿಯಲ್ಲಿ ಲಿಂಬೆಹೋಳು ಬರಲಿಲ್ಲವೆಂದು ಯಾರೋ ಕೂಗಾಡುತ್ತಿದ್ದರು. ಕೊನೆಗೆ ಇಡೀ ಪಡಸಾಲೆ ಹಳದಿಯಾಯಿತು, ಗಂಡಿನ ಕಡೆಯವರು ಖುಷಿಯಿಂದ ಒಳಗೆ ಹೋದರು.

ಮ್ಯಾನೇಜರ್ ನೆಲ ನೋಡಿದರು. "ನೀವು ಬಂದಾಗ ಹೆಂಗ ಹಳದಿ ಇತ್ತೋ ಈಗೂ ಹಂಗ ಐತಿ. ನಡುವ ಒಂದು ನಾಟಕ ಆತು, ಅಷ್ಟ."

ಅವ್ವ ಬಾಯಿ ತೆರೆಯುವುದರೊಳಗೆ ನಾನು ಅವರ ಅಂಗಿಯ ಎರಡನೆಯ ಗುಂಡಿಯನ್ನು ನೋಡುತ್ತ ಹೇಳಿದೆ: "ಹೌದ್ರಿ. ಇದರಿಂದ ಹಳದಿ ಹೋಗೂದಿಲ್ಲ. ಅರಿಶಿಣಕ್ಕ ಬ್ಯಾರೆ ಮಾಡಬೇಕು. ಇದು ಜಿಡ್ಡಿಗೆ ಅಷ್ಟ. ಇಲ್ಲಿ ಹಾಕಬಾರ್ದಿತ್ತು, ನನ್ನ ತಪ್ಪು."

ಅವ್ವ ನನ್ನ ಸೊಂಟ ಚಿವುಟಿದಳು. ಆ ಗುರುತು ಎರಡು ದಿನ ಇತ್ತು.

ದೊಡ್ಡವ್ವ ಮಾತ್ರ ತನ್ನ ಪಾಡಿಗೆ ಎರಡು ಬಕೆಟ್ ನೀರು ಹಾಕಿ ತೊಳೆದು ಬಳಿದಳು. ಆಮೇಲೆ ಹಸಿ ನೆಲದ ಮೇಲೆ ಬಲಗಾಲಿನ ಹಿಮ್ಮಡಿ ಊರಿ, ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಹಾಗೇ ಮಾಡಿದಳು. ನಾನು ಕಾಗದ ಅದ್ದಿ ನೋಡುವುದನ್ನು ಆಕೆ ಹಿಮ್ಮಡಿಯಿಂದ ನೋಡುತ್ತಿದ್ದಾಳೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಜಾರವಲ್ದು," ಎಂದಳು. ಮ್ಯಾನೇಜರರ ಕಡೆ ತಿರುಗಿ, "ಹೋದ ತಿಂಗಳ ಊಟದ ಹಾಲಿನ್ಯಾಗ ಬಿದ್ದು ಈ ಮುಂಗೈ ಸೊಟ್ಟ ಆತು, ನೆನಪೈತಿಲ್ಲ? ನೀವು ತರಸೂದು ಬರೇ ಘಮಾ ಅಂತೈತಿ, ಜಿಡ್ಡು ಇದ್ದಲ್ಲೇ ಇರತೈತಿ. ಇದನ್ನ ತರಸ್ರಿ."

"ಹಳದಿ ಹಂಗ ಐತಲ್ಲ ದೊಡ್ಡವ್ವಾ!"

"ಇರಲಿ ಬಿಡ್ರಿ. ಲಗ್ನದ ಮನಿ ನೆಲ ಬೆಳ್ಳಗಿದ್ರ ದವಾಖಾನಿ ಅಂತಾರ. ತರಸೂದಿಲ್ಲಂದ್ರ ನಾಳಿಂದ ನೀವ ಬಳಕೋರಿ."

ಮ್ಯಾನೇಜರ್ ತಲೆ ಕೆರೆದುಕೊಂಡರು. "ಸೋಮವಾರ ಎರಡು ಕ್ಯಾನ್ ತಂದ ಹಾಕ್ರಿ. ಊಟದ ಹಾಲಿಗೆ ಅಷ್ಟ. ಈ ಪಡಸಾಲ್ಯಾಗ ಒಂದು ಹನಿ ಬೀಳಬಾರ್ದು."

ಮನೆಗೆ ಬಂದು ಅಪ್ಪನಿಗೆ ಹೇಳಿದೆವು. ಆತ ಎಲ್ಲ ಕೇಳಿ, "ಎರಡು ಕ್ಯಾನ್ ಅಂದ್ರ ಎರಡು ಕ್ಯಾನ್. ಅದಕ್ಕ ಖಾಯಂ ಅನ್ನೂದಿಲ್ಲ," ಎಂದ. ನಾನು ಭಾನುವಾರವಿಡೀ ಕೋಣೆಯಲ್ಲಿ ಕೂತು ಎರಡು ಕ್ಯಾನ್ ತುಂಬಿದೆ. ಮೇಲೆ ಚೀಟಿ ಅಂಟಿಸಿ, 'ಅರಿಶಿಣದ ಮೇಲೆ ಹಾಕಬಾರದು' ಎಂದು ದಪ್ಪ ಅಕ್ಷರದಲ್ಲಿ ಬರೆದು, ಎರಡು ಸಲ ಅಡಿಗೆರೆ ಎಳೆದೆ.

ಸೋಮವಾರ ಅಪ್ಪನೂ ಹೊರಟ. ಅರ್ಜಿ ಅವನ ಅಂಗಿಯ ಜೇಬಿನಲ್ಲಿತ್ತು, ಸಹಿಗೆ ಪೆನ್ನೂ ಇತ್ತು. ಶಿಗ್ಗಾಂವಿಯಿಂದ ಹಾಗೇ ಹಾನಗಲ್ಲಿನ ಬಸ್ಸು ಹತ್ತುವುದು ಅವನ ಲೆಕ್ಕ. ಬಸ್ಸಿನಲ್ಲಿ ನಾವಿಬ್ಬರೂ ಕ್ಯಾನುಗಳನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದೆವು.

ಮ್ಯಾನೇಜರರನ್ನು ಅಪ್ಪ ನೇರವಾಗಿ ಕೇಳಿದ: "ಇದು ಖಾಯಂ ಏನ್ರಿ?"

"ಅದು ನನ್ನ ಕೈಯಾಗಿಲ್ರಿ. ಬಳಿಯಾಕಿನ್ನ ಕೇಳ್ರಿ," ಎಂದು ಅವರು ದೊಡ್ಡವ್ವನನ್ನು ಕರೆದರು.

"ನಾ ಇರೂತನಕ ಇದನ್ನ," ಎಂದಳು ದೊಡ್ಡವ್ವ. "ಮುಂದ ಬಂದಾಕಿ ಏನ್ ಹಾಕ್ತಾಳೋ ನನಗೇನ್ ಗೊತ್ತು?"

ಅಪ್ಪ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನನಗೆ ನೆಲ ಬಿರಿಯಬಾರದೇ ಎನಿಸಿತು.

"ಬೀಪಿ, ಸಕ್ಕರಿ ಏನರ ಐತೇನ್ರಿ?"

"ನನಗೇನಿಲ್ಲ. ಇವರಿಗೆ ಅದಾವ ಎರಡೂ," ಎಂದು ಆಕೆ ಮ್ಯಾನೇಜರರ ಕಡೆ ಕೈ ಮಾಡಿದಳು.

"ನಿಮ್ಮವ್ವಾರು ಎಷ್ಟ ವರ್ಷ ಬಾಳಿದ್ರು?"

"ಬಾಳಿದ್ರು ಅಂದ್ರೇನ್ರೀ? ಇನ್ನೂ ಅದಾಳ, ಬಂಕಾಪುರದಾಗ. ನಿನ್ನಿ ಸಂಜೀಕ ಫೋನಿನ್ಯಾಗ ಬೈದಾಳ ನನಗ."

ಗೇಟಿನಾಚೆ ಹಾನಗಲ್ಲಿನ ಬಸ್ಸು ಹೋಗುತ್ತಿತ್ತು, ಅದು ತಿರುವಿನಲ್ಲಿ ಮರೆಯಾಗುವವರೆಗೂ ಅಪ್ಪ ನೋಡಿದ. ಆಮೇಲೆ ಬಗ್ಗಿ ಎರಡೂ ಕ್ಯಾನುಗಳನ್ನು ಎತ್ತಿಕೊಂಡ.

"ಎಲ್ಲಿ ಇಡೂದ್ರಿ ಇವನ್ನ?" ಎಂದು ದೊಡ್ಡವ್ವನನ್ನು ಕೇಳಿದ.